ಹಿತ್ತಲಿಗೆ ಯಾವ ಮಾವು?

ಮನೆಯ ಹಿತ್ತಲಿನಲ್ಲಿ ಒಂದು ಮಾವಿನ ಮರವಿರಬೇಕೆಂಬುದು ನಮ್ಮ ಗೃಹಸ್ಥರಿಗೆ ಸಹಜವಾದ ಆಸೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಹಳೆಯ ಮನೆಗಳಲ್ಲಿ ಇಂತಹ ಮರಗಳು ಅಲ್ಲಲ್ಲಿ ಉಳಿದಿವೆ. ಕೆಂಗೇರಿಯ ಕಡೆಯಲ್ಲಿ ಹೊಸದಾಗಿ ಮನೆ ಕಟ್ಟುವವರೂ ಎಡೆಯಿದ್ದರೆ ಒಂದು ಗಿಡವನ್ನು ನೆಡುವರು. ಆಗ ಬಾಯಿಗೆ ಮೊದಲು ಬರುವ ಹೆಸರು ಬಾದಾಮಿ, ಇಲ್ಲವೆ ರಸಪುರಿ. ಅವು ಉತ್ತಮ ಫಲಗಳೆಂಬುದು ನಿಸ್ಸಂಶಯ. ಆದರೆ ವೈಶಾಖ ಬಂದೊಡನೆ ಅವು ರಾಮನಗರದ ಸೀಮೆಯಿಂದ ನಮ್ಮ ಬಾಗಿಲಿಗೇ ಬರುವುವು. ಹಣ ಕೊಟ್ಟರೂ ನಂಬಿ ಕೊಳ್ಳಲಾಗದ ವಸ್ತುವೊಂದುಂಟು: ವರ್ಷ ಕಳೆದರೂ ಮೆತ್ತಗಾಗದ ಉಪ್ಪಿನಕಾಯಿಯ ಮಿಡಿ. ಒಂದೇ ಮರಕ್ಕೆ ಸ್ಥಳವುಳ್ಳವರು ಆ ಸ್ಥಳವನ್ನು ಮಿಡಿಯ ಮಾವಿಗೆ ಮೀಸಲಿಡುವುದು ಯುಕ್ತವೆಂದು ನನ್ನ ಅಭಿಪ್ರಾಯ.

ತಿನ್ನುವ ಹಣ್ಣು ಬೇರೆ, ಪಾಕಕ್ಕೆ ಒದಗುವ ಹಣ್ಣು ಬೇರೆ. ಇಂಗ್ಲೆಂಡಿನ ಗೃಹಿಣಿಯರು ಇದನ್ನು ಸೇಬಿನಲ್ಲಿ ಚೆನ್ನಾಗಿ ಅರಿತಿದ್ದಾರೆ. ಕಣಕದೊಳಗೆ ಸೇಬಿನ ಹೂರಣವನ್ನಿಟ್ಟು ಬೇಯಿಸುವ ಪೈ ಎಂಬ ಭಕ್ಷ್ಯಕ್ಕೆ ಅವರು ಬ್ರಾಮ್ಲಿ ಎಂಬ ತಳಿಯನ್ನು ಬೆಳೆಸುವರು. 1809ರಲ್ಲಿ ಸೌತ್‌ವೆಲ್ ಎಂಬ ಊರಿನಲ್ಲಿ ಒಬ್ಬ ಬಾಲಿಕೆಯು ಬಿತ್ತಿದ ಬೀಜದಿಂದ ಹುಟ್ಟಿದ ಈ ಸೇಬು ಹಸಿಯಾಗಿ ತಿನ್ನಲು ಬಹಳ ಹುಳಿ. ಬೆಂದ ಮೇಲೂ ಆ ಹುಳಿಯು ಅಳಿಯದೆ ನಿಲ್ಲುವುದರಿಂದಲೇ ಅದಕ್ಕೆ ಅಲ್ಲಿ ಅಷ್ಟು ಮರ್ಯಾದೆ.

ನಮ್ಮ ನಾಡಿನಲ್ಲಿ ಈ ಮರ್ಯಾದೆಗೆ ಅರ್ಹವಾದುದು ಶಿವಮೊಗ್ಗ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹೊಳೆಯ ದಂಡೆಗಳಲ್ಲಿ ಬೆಳೆಯುವ ಅಪ್ಪೆಮಾವು. ಇದರ ಮಿಡಿಗೆ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಅಮರಸಿಂಹನು ತನ್ನ ಕೋಶದಲ್ಲಿ ಮಾವಿನ ಹೆಸರುಗಳನ್ನು ಹೇಳುವಾಗ, ಅತಿಶಯವಾದ ಪರಿಮಳವುಳ್ಳ ಮಾವನ್ನು ಸಹಕಾರವೆಂದು ಬೇರೆಯಾಗಿ ಎಣಿಸಿದ್ದಾನೆ. ಅಪ್ಪೆಯ ಪರೀಕ್ಷೆಯೂ ಪರಿಮಳದಿಂದಲೇ ಆರಂಭವಾಗುವುದು. ತೊಟ್ಟನ್ನು ಮುರಿದಾಗ ಚಿಮ್ಮುವ ಸೊನೆಯಲ್ಲಿ ಒಂದು ಮರದ್ದು ಜೀರಿಗೆಯಂತೆ, ಇನ್ನೊಂದರದ್ದು ಕರ್ಪೂರದಂತೆ ಕಂಪು ಬೀರುವುದು. ಈ ಸೊನೆ ಸೋರಿಹೋಗಬಾರದೆಂದೇ ಬಲ್ಲವರು ಮಿಡಿಯನ್ನು ತೊಟ್ಟು ಸಹಿತವಾಗಿ, ನೆಲಕ್ಕೆ ಬೀಳಿಸದೆ ಕೊಯ್ಯುವರು. ಎರಡನೆಯ ಗುಣ ಹುಳಿ. ಮೂರನೆಯದು, ಉಪ್ಪಿನಲ್ಲಿ ನೀರು ಬಿಟ್ಟು ಸುಕ್ಕಾದರೂ ಕಚ್ಚಿದಾಗ ಕಟಕ್ಕೆನ್ನುವ ಗಟ್ಟಿತನ. ಮೊದಲೆರಡು ಗುಣಗಳು ಮರದ ಬುಡದಲ್ಲಿಯೇ ತಿಳಿಯುವುವು; ಮೂರನೆಯದನ್ನು ಭರಣಿಯೇ ಹೇಳಬೇಕು.

ನಮ್ಮೂರಿನ ಹೆಸರನ್ನೇ ಹೊತ್ತು ತೋಟಗಾರಿಕೆಯ ಗ್ರಂಥಗಳಲ್ಲಿ 'ಬೆಂಗಳೂರ' ಎನಿಸಿಕೊಂಡ ಗಿಣಿಮೂತಿಯು ಸಾಲದೆ ಎಂದು ಕೆಲವರು ಕೇಳಬಹುದು. ಅದು ನೆಚ್ಚಿಕೆಯಿಂದ ಫಲ ಕೊಡುವ ಮರ. ಹೋಳಿನ ಉಪ್ಪಿನಕಾಯಿಗೂ ಚಿತ್ರಾನ್ನಕ್ಕೂ ಒದಗುವುದು. ಇಡಿಯ ಮಿಡಿಗೆ ಬೇಕಾದ ಕಂಪು ಮಾತ್ರ ಅದರಲ್ಲಿಲ್ಲ.

ಅಪ್ಪೆಯನ್ನು ನೆಡುವವರು ಓಟೆಯನ್ನು ಹೂಳಬಾರದು. ಬೀಜದಿಂದ ಹುಟ್ಟಿದ ಗಿಡವು ತಾಯಿಯ ಗುಣವನ್ನು ತರುವುದೆಂಬ ಭರವಸೆಯಿಲ್ಲ; ಫಲಕ್ಕಾಗಿ ಬಹುಕಾಲ ಕಾದು, ಕಡೆಗೆ ಕಂಪಿಲ್ಲದ ಕಾಯನ್ನು ಕಾಣುವುದು ದುಃಖಕರ. ಕಸಿಯ ಗಿಡವಾದರೆ ನಾಲ್ಕೈದು ವರ್ಷಗಳಲ್ಲಿ ತಾಯಿಮರದ ಮಿಡಿಯನ್ನೇ ಕೊಡುವುದು. ಜೂನ್ ತಿಂಗಳ ಮಳೆಗೆ, ಮೂರಡಿ ಗುಂಡಿಯಲ್ಲಿ, ಗೋಡೆಗೆ ದೂರವಾಗಿ ನೆಡಬೇಕು. ಮೂವತ್ತು–ನಲವತ್ತು ಅಡಿಯ ನಿವೇಶನವನ್ನೆಲ್ಲ ಮನೆಯೇ ತುಂಬಿದ್ದರೆ ಈ ಆಸೆಯನ್ನು ಬಿಡುವುದೇ ಲೇಸು. ಎಡೆಯಿರುವವರು ಪ್ರತಿವರ್ಷ ಕೊಯ್ಲಿನ ನಂತರ ಸವರಿ ಮರವನ್ನು ಗಿಡ್ಡವಾಗಿಡಬೇಕು. ಫಲಕ್ಕೆ ಬಂದ ಮರಕ್ಕೆ ಕಾರ್ತಿಕದಿಂದ ಹೂ ಬಿಡುವವರೆಗೆ ನೀರು ಕೊಡಬಾರದು, ಕೊಟ್ಟರೆ ಹೂವಿಗೆ ಬದಲು ಚಿಗುರು ಬರುವುದು. ಮಿಡಿ ಕಚ್ಚಿದ ಮೇಲೆ ನೀರೆರೆಯಬೇಕು. ಹೂವಿಗೆ ಬೂದಿರೋಗವೂ ಜಿಗಿಹುಳುವೂ ತಗಲುವುದುಂಟು. ಆ ಕಾಲದಲ್ಲಿ ಎಚ್ಚರವಿರಲಿ. ನಗರದ ವಾಯವ್ಯಕ್ಕಿರುವ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅಪ್ಪೆಯ ಅನೇಕ ತಳಿಗಳನ್ನು ಸಂಗ್ರಹಿಸಿ ಕಾಪಾಡಿದ್ದಾರೆ. ಗಿಡ ಕೊಳ್ಳುವ ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು.

ಇದು ಕೇವಲ ನಾಲಗೆಯ ವಿಷಯವಲ್ಲ. ಅಪ್ಪೆಯ ಒಂದೊಂದು ಹೆಸರೂ ಒಂದೊಂದು ಮರದ್ದು. 'ಅನಂತಭಟ್ಟನ ಅಪ್ಪೆ' ಎಂಬುದರಲ್ಲಿ ಒಬ್ಬ ಗೃಹಸ್ಥನ ಹೆಸರೇ ಉಳಿದಿದೆ. ಅಂತಹ ಮರವೊಂದು ಕಸಿಯಾಗದೆ ಬಿದ್ದುಹೋದರೆ ಆ ಕಂಪು ಮತ್ತೆ ಹುಟ್ಟುವುದಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಶರಾವತಿಯ ಇಕ್ಕೆಲಗಳ ವಿಸ್ತಾರವಾದ ಕಾಡು ನೀರಿನಲ್ಲಿ ಮುಳುಗಿತು. ಉಳಿದೆಡೆಗಳಲ್ಲಿ ಮಿಡಿಯ ಬೆಲೆ ಏರಿದಂತೆಲ್ಲ ಕೊಯ್ಯುವ ಅವಸರದಲ್ಲಿ ಕೊಂಬೆಗಳನ್ನೇ ಕಡಿದುಹಾಕುವ ಕೆಟ್ಟ ರೂಢಿಯೂ ಬೆಳೆಯಿತು. ಹೊಳೆಯ ದಂಡೆಯ ಮರಕ್ಕೆ ಪಟ್ಟಣದ ಹಿತ್ತಲು ಸಮನಾಗಲಾರದು. ಆದರೂ ತಾಯಿಮರವು ಹೋದ ದಿನ ಅದರ ಕಸಿಯೊಂದು ವಿಜಯನಗರದಲ್ಲಿ ಇದ್ದರೆ, ಅದರಿಂದ ಕಡ್ಡಿಯನ್ನು ಒಯ್ದು ಮಲೆನಾಡಿಗೆ ಹಿಂದಿರುಗಿಸಬಹುದು.

ಆದುದರಿಂದ ಗಿಡ ಕೊಳ್ಳುವವರು ತಾಯಿಮರದ ಹೆಸರನ್ನು ಕೇಳಿರಿ. ಸಾಧ್ಯವಾದರೆ ಅದರ ಮಿಡಿಯ, ವರ್ಷ ಕಳೆದ ಉಪ್ಪಿನಕಾಯಿಯನ್ನು ರುಚಿ ನೋಡಿರಿ. ಹೆಸರನ್ನು ಬರೆದಿಟ್ಟು ಮಕ್ಕಳಿಗೂ ತಿಳಿಸಿರಿ.