ಆದಾಯ ತೆರಿಗೆ ರಿಟರ್ನ್: ಬರೆಯುವವರು ಯಾರೇ ಇರಲಿ, ಹೊಣೆ ನಮ್ಮದೇ

ಜುಲೈ ತಿಂಗಳು ಬಂತೆಂದರೆ ಧಾರಾವಿಯ ನೈಂಟಿ ಫೀಟ್ ರೋಡ್, ಸಿಕ್ಸ್ಟಿ ಫೀಟ್ ರೋಡ್‌ಗಳ ಝೆರಾಕ್ಸ್ ಅಂಗಡಿಗಳಲ್ಲಿ ಜನ ಹೆಚ್ಚುತ್ತಾರೆ. ಕೈಯಲ್ಲಿ ಪ್ಯಾನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್. ಮುಖದಲ್ಲಿ ಸ್ವಲ್ಪ ಗಾಬರಿ. ಆದಾಯ ತೆರಿಗೆ ರಿಟರ್ನ್ ತುಂಬಿಸುವ ಕಾಲವದು. ನಮ್ಮ ಸಂಘದ ಸಭೆಗಳಲ್ಲಿಯೂ ಆ ದಿನಗಳಲ್ಲಿ ಒಂದೇ ಪ್ರಶ್ನೆ: ನಾವೇ ತುಂಬಿಸಬಹುದೇ, ಇಲ್ಲ ಯಾರಿಗಾದರೂ ಹಣ ಕೊಟ್ಟು ಮಾಡಿಸಬೇಕೇ?

ಈ ಪ್ರಶ್ನೆಗೆ ಹೌದು, ಅಲ್ಲ ಎಂದು ಒಂದೇ ಮಾತಿನ ಉತ್ತರವಿಲ್ಲ. ಆದರೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ ಇದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಹೇಳಲು ಎರಡು ಘಟನೆಗಳನ್ನು ಓದುಗರ ಮುಂದಿಡುತ್ತೇನೆ.

ನಮ್ಮ ಪಕ್ಕದ ಚಾಳಿನ ಯುವಕನೊಬ್ಬ ಖಾಸಗಿ ಕಂಪೆನಿಯಲ್ಲಿ ಕೆಲಸಕ್ಕಿದ್ದಾನೆ. ಆತನ ತಂದೆ ಕಲಬುರಗಿ ಕಡೆಯಿಂದ ಬಂದು ಚರ್ಮದ ಚೀಲ ಹೊಲಿದು ಮಗನನ್ನು ಓದಿಸಿದವರು. ಪಗಾರದಲ್ಲಿ ಕಡಿತವಾದ ತೆರಿಗೆಯನ್ನು ವಾಪಸು ತೆಗೆಸಿಕೊಡುತ್ತೇನೆ ಎಂದು ಪರಿಚಯದ ಏಜೆಂಟರೊಬ್ಬರು ಹೇಳಿದರು. ಬಂದ ಹಣದಲ್ಲಿ ಹತ್ತಕ್ಕೆ ಒಂದು ಅವರಿಗೆ. ಖಾತೆಗೆ 31 ಸಾವಿರ ಬಂತು. ಮನೆಯಲ್ಲಿ ಸಂತೋಷ. ಎರಡು ವರ್ಷಗಳ ಬಳಿಕ, ಸುಳ್ಳು ಕಡಿತ ತೋರಿಸಿದವರು ಸರಿಪಡಿಸಿಕೊಳ್ಳಬೇಕು ಎಂದು ಕಂಪೆನಿಯ ಅಕೌಂಟೆಂಟ್ ಎಲ್ಲರಿಗೂ ಹೇಳಿದಾಗ ಆತ ಗಾಬರಿಯಿಂದ ನನ್ನ ಬಳಿ ಬಂದ. ರಿಟರ್ನ್ ತೆರೆದು ನೋಡಿದರೆ, ಸ್ವಂತ ಖೋಲಿಯಲ್ಲಿರುವವನಿಗೆ ಬಾಡಿಗೆಯ ಕಡಿತ! ಹೆಸರೂ ಕೇಳದ ರಾಜಕೀಯ ಪಕ್ಷವೊಂದಕ್ಕೆ ದೇಣಿಗೆ! ಇಲಾಖೆ ಕಳುಹಿಸಿದ್ದ ಎಚ್ಚರಿಕೆಯ ಸಂದೇಶಗಳೆಲ್ಲ ಏಜೆಂಟರ ಇಮೇಲ್‌ಗೆ ಹೋಗಿದ್ದವು. ಅವರ ಅಂಗಡಿ ಅಷ್ಟರಲ್ಲಿ ಮುಚ್ಚಿತ್ತು.

"ನಮ್ಮ ಕಡೆಯವರೇ ಅಲ್ರೀ ಕಾಕಾ, ಹೆಂಗ ನಂಬಬಾರದು ಅನ್ನಲಿ?" ಎಂದು ಆತ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ತಿದ್ದಿದ ರಿಟರ್ನ್ ಸಲ್ಲಿಸಿ, ಬಡ್ಡಿ ಮತ್ತು ಹೆಚ್ಚುವರಿ ತೆರಿಗೆ ಸೇರಿಸಿ ಕಟ್ಟುವಾಗ ಮೊತ್ತ 50 ಸಾವಿರ ದಾಟಿತು.

ಎರಡನೆಯ ಘಟನೆ ನನ್ನದೇ. ಮೂವತ್ತು ವರ್ಷ ಲೆಕ್ಕಪತ್ರ ಬರೆದವನೆಂಬ ಹೆಮ್ಮೆಯಿಂದ ನನ್ನ ರಿಟರ್ನನ್ನು ನಾನೇ ತುಂಬಿಸುವವ. ಒಂದು ವರ್ಷ ಹಳೆಯ ಠೇವಣಿಯೊಂದರ ಬಡ್ಡಿ ಸೇರಿಸಲು ಮರೆತೆ. ದೇಶದ ಇ-ರಿಟರ್ನ್‌ಗಳನ್ನು ಪರಿಶೀಲಿಸುವ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಅಲ್ಲಿಂದ ವ್ಯತ್ಯಾಸ ತೋರಿಸಿ ಇಮೇಲ್ ಬಂತು. ಅದು ಬಂದದ್ದು ನನ್ನ ಫೋನಿಗೆ. ಆ ವಾರದಲ್ಲೇ ಸರಿಪಡಿಸಿ ಕೆಲವು ನೂರು ರೂಪಾಯಿ ಕಟ್ಟಿ ಮುಗಿಸಿದೆ.

ತಪ್ಪು ಇಬ್ಬರ ರಿಟರ್ನ್‌ನಲ್ಲಿಯೂ ಇತ್ತು. ಆದರೆ ನನ್ನ ತಪ್ಪಿನ ಸುದ್ದಿ ನನಗೆ ತಲುಪಿತು, ಆತನದ್ದು ಆತನಿಗೆ ತಲುಪಲಿಲ್ಲ. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದದ್ದು ಯಾರು ತುಂಬಿಸುತ್ತಾರೆ ಎಂದಲ್ಲ, ರಿಟರ್ನ್‌ನಲ್ಲಿ ಯಾರ ಮೊಬೈಲ್ ನಂಬರ್, ಯಾರ ಇಮೇಲ್ ಇದೆ ಎಂದು.

ಇದು ಒಬ್ಬ ಯುವಕನ ಕಥೆ ಮಾತ್ರವಲ್ಲ. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ಮಹಾರಾಷ್ಟ್ರವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಇಂತಹ ಮಧ್ಯವರ್ತಿಗಳ ವಿರುದ್ಧ ದೊಡ್ಡ ಪರಿಶೀಲನೆ ನಡೆಸಿತು. ಕೆಲವರು ರಿಟರ್ನ್ ಸಲ್ಲಿಸಲೆಂದೇ ತಾತ್ಕಾಲಿಕ ಇಮೇಲ್ ತೆರೆದು ಬಳಿಕ ಬಿಟ್ಟುಬಿಡುತ್ತಾರೆ, ಹೀಗಾಗಿ ನೋಟಿಸುಗಳನ್ನು ಯಾರೂ ಓದುವುದಿಲ್ಲ ಎಂದು ಇಲಾಖೆಯೇ ತಿಳಿಸಿತ್ತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ ತಾವಾಗಿ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಗಳ ಸುಳ್ಳು ಕಡಿತಗಳನ್ನು ಹಿಂದಕ್ಕೆ ಪಡೆದಿದ್ದರು. ತಿದ್ದಿಕೊಳ್ಳದೆ ಸಿಕ್ಕಿಬಿದ್ದರೆ, ಸುಳ್ಳು ಮಾಹಿತಿಗೆ ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ ಹಾಕುವ ಅವಕಾಶ ಕಾಯಿದೆಯಲ್ಲಿದೆ. "ಏಜೆಂಟ್ ಬರೆದದ್ದು, ನನಗೆ ಗೊತ್ತಿಲ್ಲ" ಎಂದರೆ ಹೊಣೆ ತಪ್ಪುವುದಿಲ್ಲ.

ಹಾಗಾದರೆ ಯಾರು ತಾವೇ ಮಾಡಬಹುದು? ಒಂದೇ ಕಡೆ ನೌಕರಿ, ಪಗಾರ, ಬ್ಯಾಂಕಿನ ಬಡ್ಡಿ, ಬಿಟ್ಟರೆ ಬೇರೆ ಆದಾಯವಿಲ್ಲ ಎನ್ನುವವರು ಹಣ ಕೊಟ್ಟು ಮಾಡಿಸುವ ಅಗತ್ಯವೇ ಇಲ್ಲ. ಅವರಿಗಾಗಿ 'ಸಹಜ್' ಎಂಬ ನಮೂನೆ ಇದೆ. ಸರಕಾರದ ಪೋರ್ಟಲ್‌ನಲ್ಲಿ ಸಲ್ಲಿಸಲು ಶುಲ್ಕವಿಲ್ಲ. ಪಗಾರ, ಬಡ್ಡಿ, ಟಿಡಿಎಸ್ ವಿವರಗಳು ಬಹುಮಟ್ಟಿಗೆ ಮೊದಲೇ ತುಂಬಿರುತ್ತವೆ. ಅವನ್ನು ಕಂಪೆನಿ ಕೊಟ್ಟ ಟಿಡಿಎಸ್ ಪ್ರಮಾಣಪತ್ರ ಹಾಗೂ ಪೋರ್ಟಲ್‌ನಲ್ಲೇ ಸಿಗುವ ವಾರ್ಷಿಕ ಮಾಹಿತಿ ಪಟ್ಟಿಯೊಂದಿಗೆ ತಾಳೆ ನೋಡಬೇಕು. ನಾನು ಮರೆತ ಬಡ್ಡಿ ಆ ಪಟ್ಟಿಯಲ್ಲಿತ್ತು, ನಾನು ನೋಡಿರಲಿಲ್ಲ ಅಷ್ಟೇ! ಸಲ್ಲಿಸಿದ ಮೇಲೆ 30 ದಿನಗಳೊಳಗೆ ಆಧಾರ್ ಒಟಿಪಿ ಮೂಲಕವೋ ಬೇರೆ ವಿಧಾನದಿಂದಲೋ ದೃಢೀಕರಿಸಬೇಕು. ಅಲ್ಲಿಗೆ ಕೆಲಸ ಮುಗಿಯಿತು.

ಇನ್ನೊಂದು ಮಾತು. 2025-26ನೇ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯಲ್ಲಿ ಪಗಾರದಾರರಿಗೆ 12.75 ಲಕ್ಷದ ತನಕ ತೆರಿಗೆ ಬರುವುದಿಲ್ಲ. ಬಾಡಿಗೆ, ವಿಮೆ, ದೇಣಿಗೆಯಂತಹ ಹಳೆಯ ಕಡಿತಗಳು ಆ ಪದ್ಧತಿಯಲ್ಲಿ ಇಲ್ಲವೇ ಇಲ್ಲ. ನಮ್ಮಲ್ಲಿ ಹೆಚ್ಚಿನವರು ಈ ಮಿತಿಯೊಳಗಿನವರು. ಹೀಗಿರುವಾಗ "ತೆರಿಗೆ ಉಳಿಸಿಕೊಡುತ್ತೇನೆ" ಎಂದು ಬರುವವರು ಉಳಿಸುವುದಾದರೂ ಏನನ್ನು? ಆದರೆ ತೆರಿಗೆ ಇಲ್ಲವೆಂದು ರಿಟರ್ನ್ ಬಿಡಬಾರದು. ಆದಾಯ 4 ಲಕ್ಷ ದಾಟಿದರೆ ಹೊಸ ಪದ್ಧತಿಯಲ್ಲಿಯೂ ಸಲ್ಲಿಸಲೇಬೇಕು. ಮನೆಸಾಲಕ್ಕೆ ಬ್ಯಾಂಕಿನವರು ಮೊದಲು ಕೇಳುವುದು ಅದನ್ನೇ.

ಯಾರು ಮಾಡಿಸಬೇಕು? ಊರಿನ ಜಾಗ ಅಥವಾ ಮನೆ ಮಾರಿದವರು, ಷೇರು ವ್ಯವಹಾರಕ್ಕೆ ಇಳಿದ ಯುವಕರು, ಪಾಲುದಾರಿಕೆ ಇರುವವರು, ಜಿಎಸ್‌ಟಿ ಕಟ್ಟುವ ಹೋಟೆಲ್ ಮಾಲಕರು ಚಾರ್ಟರ್ಡ್ ಅಕೌಂಟೆಂಟರ ಬಳಿ ಹೋಗುವುದೇ ಲೇಸು. ಅಲ್ಲಿ ಉಳಿತಾಯ ನೋಡಿದರೆ ನಷ್ಟವೇ ಹೆಚ್ಚು. ಸಣ್ಣ ಅಂಗಡಿ, ಗಾಳೆ ನಡೆಸುವವರಿಗೆ 'ಸುಗಮ್' ನಮೂನೆ ಇದೆ. ವರ್ಷದ ವಹಿವಾಟು 2 ಕೋಟಿಯೊಳಗಿದ್ದರೆ ಪೂರ್ಣ ಲೆಕ್ಕಪುಸ್ತಕವಿಲ್ಲದೆ ವಹಿವಾಟಿನ ಕನಿಷ್ಠ 8 ಶೇಕಡಾ, ಬ್ಯಾಂಕ್ ಮೂಲಕ ಬಂದ ಹಣಕ್ಕೆ ಕನಿಷ್ಠ 6 ಶೇಕಡಾ ಲಾಭವೆಂದು ತೋರಿಸಬಹುದು. 30 ಲಕ್ಷ ನಗದು ವಹಿವಾಟಿಗೆ ಅದು 2.40 ಲಕ್ಷ. ಇದಕ್ಕೂ ನಿಬಂಧನೆಗಳಿವೆ. ಮೊದಲ ವರ್ಷ ತಿಳಿದವರ ಸಲಹೆ ಪಡೆದರೆ ಮುಂದಿನ ವರ್ಷ ಕೈ ಪಳಗುತ್ತದೆ.

"ನಮಗೆ ಇಂಗ್ಲಿಷ್ ಬಾರದು, ದಿನವಿಡೀ ದುಡಿಯುವವರಿಗೆ ಸಮಯವೆಲ್ಲಿ? ಐನೂರು ರೂಪಾಯಿ ಕೊಟ್ಟರೆ ತಲೆನೋವು ಹೋಯಿತು" ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಪ್ರಾಮಾಣಿಕವಾಗಿ ಮಾಡಿಕೊಡುವವರೂ ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಆದರೆ ಮಾಡಿಸುವವರು ಮೂರು ವಿಷಯ ಬಿಟ್ಟುಕೊಡಬಾರದು. ಮೊಬೈಲ್, ಇಮೇಲ್ ತಮ್ಮದೇ ಅಥವಾ ಮನೆಯ ಮಕ್ಕಳದ್ದೇ ಇರಬೇಕು. ಪಾಸ್‌ವರ್ಡ್ ತಮ್ಮಲ್ಲೂ ಇರಬೇಕು. ಒಟಿಪಿ ಹೇಳುವ ಮೊದಲು ಆದಾಯ ಎಷ್ಟು, ಕಡಿತ ಯಾವುದು ಎಂದು ಕೇಳಿ, ಪ್ರತಿಯನ್ನು ಮನೆಗೆ ತರಬೇಕು. ಬರುವ ರಿಫಂಡ್‌ನಲ್ಲಿ ಪಾಲು ಕೇಳುವವರಿದ್ದರೆ ಅಲ್ಲಿಂದಲೇ ಎದ್ದು ಬರುವುದು ಒಳ್ಳೆಯದು. ಕೆಲಸಕ್ಕೆ ಕೂಲಿ ನ್ಯಾಯ, ಸುಳ್ಳಿಗೆ ಕಮಿಷನ್ ಅಲ್ಲ.

2024ರ ಮಾರ್ಚ್‌ನಲ್ಲಿ ಪುನರಭಿವೃದ್ಧಿಯ ಸರ್ವೆ ಆರಂಭವಾದ ಮೇಲೆ ಕಾಗದಪತ್ರದ ಬೆಲೆ ಏನೆಂದು ಧಾರಾವಿಯ ಪ್ರತಿ ಮನೆಗೂ ಗೊತ್ತಾಗಿದೆ. ಟ್ರಂಕಿನ ತಳದಿಂದ ಹಳೆಯ ಬಿಲ್ಲುಗಳನ್ನು ಹುಡುಕಿ ತೆಗೆದವರು ನಾವು. ರಿಟರ್ನ್ ಕೂಡ ಅಂತಹದೇ ಕಾಗದ. ಅದರಲ್ಲಿ ನಾವು ಯಾರೆಂದು, ಎಷ್ಟು ದುಡಿದೆವೆಂದು ಬರೆದಿರುತ್ತದೆ. ಅದನ್ನು ಬೇರೆಯವರ ಇಮೇಲ್‌ನಲ್ಲಿ ಬಿಟ್ಟು ಬರುವುದು ಸರಿಯೇ?

ಕೊನೆಯದಾಗಿ ನಮ್ಮ ಸಂಘ-ಸಂಸ್ಥೆಗಳಿಗೆ ಒಂದು ವಿನಂತಿ. ಹಗಲು ಹೋಟೆಲಿನಲ್ಲಿ ದುಡಿದವರಿಗೆ ರಾತ್ರಿ ಶಾಲೆ ತೆರೆದು ಅಕ್ಷರ ಕಲಿಸಿದ ಪರಂಪರೆ ಮುಂಬಯಿ ಕನ್ನಡಿಗರದ್ದು. ವಾರ್ಷಿಕೋತ್ಸವ, ಅರಸಿನ ಕುಂಕುಮ, ಪ್ರತಿಭಾ ಪುರಸ್ಕಾರಗಳ ಜತೆಗೆ ಪ್ರತಿ ಜೂನ್‌ನಲ್ಲಿ ಎರಡು ಭಾನುವಾರ ಇದಕ್ಕೂ ಮೀಸಲಿಡೋಣ. ನಮ್ಮ ಸಮಾಜದಲ್ಲಿ ಸಿ.ಎ. ಓದಿದ ಯುವಕ-ಯುವತಿಯರಿದ್ದಾರೆ. ಅವರು ಸದಸ್ಯರ ರಿಟರ್ನ್ ತುಂಬಿಸಿಕೊಡುವುದು ಬೇಡ, ಅದನ್ನು ಓದುವುದು ಹೇಗೆಂದು ಕನ್ನಡದಲ್ಲಿ ಕಲಿಸಿಕೊಟ್ಟರೆ ಸಾಕು. ನಮ್ಮ ಕಡೆಯವರನ್ನು ನಂಬಬಾರದು ಎಂದು ಆ ಯುವಕನಿಗೆ ಹೇಳಲು ನನಗೆ ಮನಸ್ಸು ಬರುವುದಿಲ್ಲ. ನಂಬಿಕೆಗೆ ತಕ್ಕ ಕೆಲಸವನ್ನು ಸಂಘವೇ ಮಾಡಿ ತೋರಿಸಲಿ.