ಬೆಕ್ಕಿನ ತೊಟ್ಟಿಯಲ್ಲಿ ಪೃಥ್ವೀಕಾಯ

ನಗರದ ಮನೆಗಳಲ್ಲಿ ಬೆಕ್ಕಿನ ಮಲವಿಸರ್ಜನೆಗೆಂದು ತೊಟ್ಟಿಯಲ್ಲಿ ಹರಡುವ ‘ಕ್ಯಾಟ್ ಲಿಟರ್’ ಬಹುಮಟ್ಟಿಗೆ ಬೆಂಟೋನೈಟ್ ಎಂಬ ಜೇಡಿಮಣ್ಣು. ನೀರು ತಾಗಿದೊಡನೆ ಉಬ್ಬಿ ಉಂಡೆಗಟ್ಟುವುದು ಅದರ ಗುಣ. ನಮ್ಮ ದೇಶದಲ್ಲಿ ಗುಜರಾತಿನ ಕಚ್ಛ್, ರಾಜಸ್ಥಾನದ ಬಾಡಮೇರ್ ಪ್ರದೇಶಗಳಲ್ಲಿ ನೆಲದ ಮೇಲ್ಪದರವನ್ನು ತೆಗೆದು ಇದನ್ನು ಅಗೆಯುತ್ತಾರೆ. ಹಾಗೆ ಅಗೆದ ಮಣ್ಣು ಕೆಲವೇ ದಿನ ತೊಟ್ಟಿಯಲ್ಲಿದ್ದು ಕಸದ ರಾಶಿಯನ್ನು ಸೇರುತ್ತದೆ.

ಜೈನ ದರ್ಶನವು ನೆಲವನ್ನು ಜಡವೆಂದು ಬಗೆದಿಲ್ಲ. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿ ಇವೈದೂ ಏಕೇಂದ್ರಿಯ ಸ್ಥಾವರ ಜೀವಗಳ ಕಾಯಗಳು. ಮನೆ ಕಟ್ಟಬೇಕಾದ, ಹೊಲ ಬಿತ್ತಬೇಕಾದ ಗೃಹಸ್ಥನು ಸ್ಥಾವರ ಹಿಂಸೆಯಿಂದ ಪೂರ್ಣವಾಗಿ ಪಾರಾಗಲಾರ. ಆದರೆ ಪ್ರಯೋಜನವಿಲ್ಲದೆ ನೆಲ ಅಗೆಯುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆ ಎಂಬ ಅನರ್ಥದಂಡವೆಂದು ಎಣಿಸಿದ್ದಾರೆ. ಚೀಲದಲ್ಲಿರುವ ಒಣಮಣ್ಣು ಅಚಿತ್ತವಲ್ಲವೇ ಎಂದು ಕೇಳುವವರುಂಟು. ನಿಜ, ಅದು ಅಚಿತ್ತವೇ. ಹಿಂಸೆ ಗಣಿಯಲ್ಲೇ ನಡೆದುಹೋಗಿರುತ್ತದೆ. ಕೃತದೊಡನೆ ಕಾರಿತ, ಅನುಮೋದನೆಗಳನ್ನೂ ಲೆಕ್ಕಕ್ಕೆ ಹಿಡಿಯುವ ಧರ್ಮದಲ್ಲಿ ಕೊಳ್ಳುವವನು ಅದರಿಂದ ಹೊರಗುಳಿಯಲಾರ.

ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನೇ ಕಾರ್ತಿಕೇಯಾನುಪ್ರೇಕ್ಷೆ ಅನರ್ಥದಂಡವೆನ್ನುತ್ತದೆ. ಹಿರಿಯರು ಇದನ್ನು ನೆನಪಿಸಿದರೆ ತಪ್ಪೆನ್ನಲಾಗದು. ಆದರೆ ಬೀದಿಯಲ್ಲಿ ಅನಾಥ ಮರಿಯಾಗಿ ಸಿಕ್ಕು ಮನೆಯೊಳಗೇ ಬೆಳೆದ ಬೆಕ್ಕನ್ನು ಈಗ ಹೊರಗಟ್ಟುವುದು ದಯೆಯಾಗದು. ಹೊರಗಿನ ಹಕ್ಕಿಗಳಿಗೂ ಅದು ಕ್ಷೇಮವಲ್ಲ. ಅಂಥ ಬೆಕ್ಕಿಗೆ ತೊಟ್ಟಿ ಬೇಕೇ ಬೇಕು, ಅಗೆದ ಮಣ್ಣು ಮಾತ್ರ ಬೇಕಿಲ್ಲ.

ಮರದ ಹೊಟ್ಟಿನ ಗುಳಿಗೆ, ತೆಂಗಿನ ನಾರಿನ ಪುಡಿ, ತೋಫು ಮಾಡಿದ ಮೇಲೆ ಉಳಿಯುವ ಸೋಯಾ ಚರಟದ ಕಾಳು ಇವು ಈಗ ಪೇಟೆಯಲ್ಲಿ ದೊರೆಯುತ್ತವೆ. ಸಸ್ಯಮೂಲದ್ದೆಂದ ಮಾತ್ರಕ್ಕೆ ನಿರ್ದೋಷವೆಂದು ಭಾವಿಸಬಾರದು. ವ್ಯರ್ಥವಾಗಿ ವನಸ್ಪತಿಯನ್ನು ಕತ್ತರಿಸುವುದೂ ಅದೇ ಪ್ರಮಾದಚರ್ಯೆಯೊಳಗೆ ಸೇರಿದೆ. ಉಣ್ಣಲು ಬರುವ ಗೋಧಿ, ಮೆಕ್ಕೆಜೋಳಗಳನ್ನು ಇದಕ್ಕಾಗಿ ಪುಡಿಮಾಡುವುದಕ್ಕಿಂತ ಬೇರೆ ಕೆಲಸದಲ್ಲಿ ಉಳಿದ ಶೇಷವನ್ನು ಆರಿಸಿಕೊಳ್ಳುವುದು ಮೇಲು. ಇನ್ನೊಂದು ಎಚ್ಚರ: ತೇವ ತಾಗಿದರೆ ಇವುಗಳಲ್ಲಿ ಹುಳು, ಬೂಷ್ಟು ಹುಟ್ಟುತ್ತವೆ. ಸ್ಥಾವರ ಹಿಂಸೆಯನ್ನು ತಪ್ಪಿಸಹೋಗಿ ತ್ರಸಜೀವಗಳ ಹಿಂಸೆಗೆ ಎಡೆಗೊಡುವುದು ಎಂಥ ವ್ಯಾಪಾರ! ಸ್ವಲ್ಪಸ್ವಲ್ಪವೇ ಕೊಂಡು ಒಣಗಿದ ಡಬ್ಬಿಯಲ್ಲಿ ಮುಚ್ಚಿಡಬೇಕು.

ಬೆಕ್ಕಿನ ಒಪ್ಪಿಗೆಯೂ ಮುಖ್ಯ. ಒಮ್ಮೆಲೇ ಬದಲಿಸಿದರೆ ಅದು ತೊಟ್ಟಿಯನ್ನು ತೊರೆದು ಮೂಲೆ ಹುಡುಕಬಹುದು. ಮೂತ್ರ ಕಟ್ಟಿಕೊಂಡು ರೋಗಕ್ಕೆ ಈಡಾಗಲೂಬಹುದು. ಹಳೆಯ ಮಣ್ಣಿನೊಡನೆ ಹೊಸದನ್ನು ಸ್ವಲ್ಪಸ್ವಲ್ಪ ಬೆರೆಸುತ್ತಾ ಒಂದೆರಡು ವಾರಗಳಲ್ಲಿ ಬದಲಿಸುವುದು ಲೇಸು.

ಮುನಿಗಳು ಮಲಮೂತ್ರ ವಿಸರ್ಜನೆಗೆ ನಿರ್ಜಂತುಕ ಸ್ಥಳವನ್ನು ನೋಡಿ ಆರಿಸುವುದು ಉತ್ಸರ್ಗ ಸಮಿತಿ. ಗೃಹಸ್ಥನಿಗೆ ಆ ನಿಯಮವಿಲ್ಲದಿದ್ದರೂ ಅದರ ಭಾವ ಇಲ್ಲಿಗೂ ಹೊಂದುತ್ತದೆ. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಇರಬಹುದು. ಅದು ಸೋಂಕು ತಗಲಿಸುವ ಸ್ಥಿತಿಗೆ ಬರಲು ಒಂದು ದಿನವಾದರೂ ಬೇಕು. ಆದ್ದರಿಂದ ತೊಟ್ಟಿಯನ್ನು ಪ್ರತಿದಿನವೂ ಶುಚಿ ಮಾಡಬೇಕು. ಸಸ್ಯಮೂಲದ್ದೆಂದು ಅದನ್ನು ಚರಂಡಿಗಾಗಲಿ ಕಾಯಿಪಲ್ಲೆಯ ಪಾತಿಗಾಗಲಿ ಸುರಿಯಲಾಗದು. ಗರ್ಭಿಣಿಯರಿರುವ ಮನೆಯಲ್ಲಿ ಈ ಕೆಲಸವನ್ನು ಬೇರೆಯವರು ವಹಿಸಿಕೊಳ್ಳಬೇಕು.