ದೇವರ ಮೀನಿಗೆ ಪುರಿ ಹಾಕಿ, ಕವರನ್ನು ಮನೆಗೆ ಒಯ್ಯಿರಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಮಹಾಜನರಲ್ಲಿ ಹೊಳೆದಂಡೆಯವರ ಬಿನ್ನಹ



ತುಳು ಷಷ್ಠಿಯ ತೇರಿಗೆ ಬರುತ್ತೀರಿ. ತುಲಾ ಸಂಕ್ರಮಣಕ್ಕೆ ಮುಳುಗು ಹಾಕಲು ಬರುತ್ತೀರಿ. ಮನೆಯಲ್ಲಿ ಹಿರಿಯರು ತೀರಿಕೊಂಡಾಗ ಬೂದಿ ಬಿಡಲಿಕ್ಕೂ ಬರುತ್ತೀರಿ. ರಾಮನಾಥಪುರದ ಮೆಟ್ಟಿಲು ಇಳಿಯದ ಮನೆ ಈ ನಾಲ್ಕು ತಾಲ್ಲೂಕಿನಲ್ಲಿ ಹುಡುಕಿದರೂ ಸಿಗುವುದು ಕಡಿಮೆ. ರಾಮೇಶ್ವರನಿಗೆ ಕೈಮುಗಿದು, ಸುಬ್ರಹ್ಮಣ್ಯಸ್ವಾಮಿಗೆ ಹರಕೆ ಒಪ್ಪಿಸಿ, ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಕಾವೇರಿಯ ವಹ್ನಿ ಪುಷ್ಕರಿಣಿಯ ಬಳಿ. ಒಂದು ಹಿಡಿ ಕಡ್ಲೆಪುರಿ ಎರಚಿದರೆ ಸಾಕು, ಮೀನುಗಳು ಮೈಮೇಲೆ ಮೈ ಹಾಕಿಕೊಂಡು ನುಗ್ಗುತ್ತವೆ. ಮಕ್ಕಳು ಕುಣಿದಾಡುತ್ತವೆ. ಅವು ದೇವರ ಮೀನು. ಅಲ್ಲಿ ಗಾಳ ಹಾಕಬಾರದು, ಬಲೆ ಬೀಸಬಾರದು ಎಂದು ನಮ್ಮ ಹಿರಿಯರು ಕಟ್ಟು ಮಾಡಿದರು. ಯಾವ ಇಲಾಖೆಯೂ ಹೇಳದೆ ಊರೇ ಕಾಯ್ದುಕೊಂಡು ಬಂದ ಕಟ್ಟು ಅದು.

ಇವತ್ತು ಏನಾಗಿದೆ ನೋಡಿ. ಆ ನೀರಿಗೆ ಗಾಳ ಹಾಕಲು ಹೆದರುವ ನಾವೇ, ಪುರಿ ಖಾಲಿಯಾದ ಕೂಡಲೇ ಕವರನ್ನು ಅಲ್ಲಿಯೇ ಬಿಡುತ್ತೇವೆ. ಶಾಂಪೂ ಪ್ಯಾಕೆಟ್ಟನ್ನು ಹಲ್ಲಿನಲ್ಲಿ ಹರಿದು ಮೆಟ್ಟಿಲ ಮೇಲೆ ಎಸೆಯುತ್ತೇವೆ. ಸ್ನಾನ ಮುಗಿಸಿ, ಉಟ್ಟ ಬಟ್ಟೆಯನ್ನು ಹೊಳೆಗೆ ಬಿಟ್ಟರೆ ದೋಷ ಕಳೆಯಿತು ಎಂದು ಹಿಂದೆ ನೋಡದೆ ಹೊರಡುತ್ತೇವೆ. ಹೂವಿನ ಹಾರ, ಒಡೆದ ಫೋಟೊ, ಗಾಜು, ಅರಿಶಿನ ಕುಂಕುಮದ ಪೊಟ್ಟಣ, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ, ಚೀಲದ ಸಮೇತ ಗಂಗಮ್ಮನಿಗೆ ಒಪ್ಪಿಸುತ್ತೇವೆ. ಒಬ್ಬೊಬ್ಬರದು ಒಂದೊಂದು ಚೀಲ. ಜಾತ್ರೆಯ ದಿನಗಳಲ್ಲಿ ಬರುವವರೆಷ್ಟು ಎಂದು ನೆನೆಸಿಕೊಂಡರೆ, ನೀರಿನ ತಳದಲ್ಲಿ ಏನು ಬಿದ್ದಿದೆಯೆಂದು ಬೇರೆ ಹೇಳಬೇಕಾಗಿಲ್ಲ.

ಬಟ್ಟೆಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ, ಯಾಕೆಂದರೆ ಇದು ನಂಬಿಕೆಯ ವಿಷಯ, ನಂಬಿಕೆಯನ್ನು ಹಗುರವಾಗಿ ಕಾಣುವವರು ನಾವಲ್ಲ. ಹಿಂದೆ ಉಡುತ್ತಿದ್ದದ್ದು ಹತ್ತಿ. ಹೊಳೆಗೆ ಬಿಟ್ಟರೆ ಕೆಲವು ತಿಂಗಳಲ್ಲಿ ಕೊಳೆತು ಮಣ್ಣಾಗುತ್ತಿತ್ತು. ಈಗ ಉಡುವುದು ಪಾಲಿಯೆಸ್ಟರ್, ನೈಲಾನ್. ಅದು ಕೊಳೆಯುವುದಿಲ್ಲ. ಬಂಡೆಯ ಸಂದಿಗೆ ಸಿಕ್ಕಿಕೊಂಡ ಸೀರೆ ಅಲ್ಲೇ ಇದ್ದು, ಅದರ ಮೇಲೆ ಹೂಳು ಕೂತು, ಮೀನು ಬೇಸಿಗೆಯಲ್ಲಿ ತಂಪಿಗೆ ಅಡಗುವ ಜಾಗವನ್ನೇ ಮುಚ್ಚಿಬಿಡುತ್ತದೆ. ನಮ್ಮ ತಂದೆತಾಯಿಯ ಋಣ ತೀರಿಸಲು ಬಂದು, ಇನ್ನೊಂದು ಜೀವದ ಉಸಿರು ಕಟ್ಟಿಸಿ ಹೋಗುವುದು ಯಾವ ಶಾಸ್ತ್ರಕ್ಕೂ ಒಪ್ಪುವ ಮಾತಲ್ಲ. ಮಾರ್ಚ್ 2025ರಲ್ಲಿ ರಾಜ್ಯದ ಅರಣ್ಯ ಮತ್ತು ಪರಿಸರ ಸಚಿವರೇ, ತೀರ್ಥಕ್ಷೇತ್ರಗಳಲ್ಲಿ ನದಿಗೆ ಬಟ್ಟೆ ಬಿಡುವುದನ್ನು ತಡೆಯಬೇಕು, ನದಿದಂಡೆಯಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದು ಎಂದು ಅಧಿಕಾರಿಗಳಿಗೆ ಸೂಚನೆ ಕೊಟ್ಟಿದ್ದಾರೆ. ಸೂಚನೆ ಕಡತದಲ್ಲಿದ್ದರೆ ಹೊಳೆಗೆ ಬಂದ ಭಾಗ್ಯವೇನು? ಅದನ್ನು ಜಾರಿಗೆ ತರುವವರು ಮೆಟ್ಟಿಲ ಮೇಲೆ ನಿಂತಿರುವ ನಾವು ನೀವೇ.

ಸೋಪು ಯಾಕೆ ಬೇಡ? ಮೀನು ಉಸಿರಾಡುವುದು ಕಿವಿರಿನಿಂದ. ಕಿವಿರಿನ ಮೇಲೆ ತೆಳ್ಳಗೆ ಲೋಳೆ ಇರುತ್ತದೆ, ಅದೇ ಅದರ ಕಾಪು. ಸೋಪಿನ ನೊರೆ, ಬಟ್ಟೆ ಒಗೆಯುವ ಪುಡಿ ಆ ಲೋಳೆಯನ್ನು ತೊಳೆದುಹಾಕುತ್ತವೆ. ಕಾವೇರಿ ತುಂಬಿ ಹರಿಯುವ ಆಷಾಢದಲ್ಲಿ ನೊರೆ ಕೊಚ್ಚಿ ಹೋದೀತು. ಫಾಲ್ಗುಣ, ಚೈತ್ರದಲ್ಲಿ ಹೊಳೆ ಇಳಿದು ಮಡುಗಳಲ್ಲಿ ನಿಂತಾಗ ಎಲ್ಲಿಗೆ ಹೋಗಬೇಕು? ಕಾದ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಅದರಲ್ಲಿ ಹೂವು, ಅನ್ನ, ಚೀಲಗಟ್ಟಲೆ ಪುರಿ ಕೊಳೆತರೆ ಉಳಿದಿರುವುದೂ ಹೋಗುತ್ತದೆ. ಬೇಸಿಗೆಯಲ್ಲಿ ಮೀನು ಸತ್ತು ತೇಲಿದರೆ ದೇವರು ಮುನಿದನೆಂದು ತಿಳಿಯಬೇಡಿ. ಪುರಿ ಹಾಕುವುದು ಪುಣ್ಯವೇ, ಆದರೆ ಒಂದು ಹಿಡಿ ಸಾಕು.

ಈ ಮೀನು ಎಂಥದ್ದು ಗೊತ್ತೆ? ಮಹಶೀರ್ ಎಂದು ದೇಶವಿದೇಶದಲ್ಲಿ ಹೆಸರಾದ ಕುಲ. ಓಡುವ ತಿಳಿನೀರು, ಕಲ್ಲು ಬೆಣಚು ಇರುವ ತಳ ಬೇಕು ಅದಕ್ಕೆ. 1946ರಲ್ಲಿ ಕಬಿನಿಯಲ್ಲಿ ಹಿಡಿದ ಒಂದು ಮಹಶೀರ್ 120 ಪೌಂಡ್ ತೂಗಿತ್ತು, ಅಂದರೆ ಸುಮಾರು 54 ಕಿಲೊ. ಅದೇ ಕುಲದಲ್ಲಿ ಬೆನ್ನಿಗೆ ಡುಬ್ಬವಿರುವ ಒಂದು ಜಾತಿಯಿದೆ. ಲೋಕದಲ್ಲಿ ಕಾವೇರಿ ಮತ್ತು ಅವಳ ಉಪನದಿಗಳನ್ನು ಬಿಟ್ಟರೆ ಬೇರೆಲ್ಲೂ ಅದು ಹುಟ್ಟುವುದಿಲ್ಲ. 2018ರಲ್ಲಿ ಅದನ್ನು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಳಿವಿನ ಅಂಚಿನ ಕೊನೆಯ ಮೆಟ್ಟಿಲಿಗೆ ಸೇರಿಸಿದರು. ಕಾವೇರಿಯಲ್ಲಿ ಇಲ್ಲವಾದರೆ ಭೂಮಿಯ ಮೇಲೇ ಇಲ್ಲ.

ಮೀನು ಕೆಟ್ಟ ಕತೆ ಹೊಸದಲ್ಲ. ಘಟ್ಟದ ಕೆಳಗೆ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ಶಿಶಿಲೇಶ್ವರನ ಗುಡಿಯ ಮುಂದೆ ಕಪಿಲಾ ನದಿಯಲ್ಲಿ ಇಂಥವೇ ದೇವರ ಮೀನುಗಳಿವೆ. 1996ರಲ್ಲಿ ಯಾರೋ ಕೇಡಿಗರು ಆ ನೀರಿಗೆ ವಿಷ ಹಾಕಿದರು. ಸಾವಿರಾರು ಮೀನು ಸತ್ತು ತೇಲಿದವು. ಊರಿನವರು ಆ ಮೀನುಗಳಿಗೆ ಸ್ಮಾರಕ ಕಟ್ಟಿದರು, ಉಳಿದ ಮೀನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದರು. ಇವತ್ತಿಗೂ ಅಲ್ಲಿ ಮೀನು ತುಂಬಿದೆ. ಅಲ್ಲಿ ಕೆಲವರು ಒಂದು ದಿನದಲ್ಲಿ ಮಾಡಿದ್ದನ್ನು ಇಲ್ಲಿ ನಾವೆಲ್ಲರೂ ಸೇರಿ ವರ್ಷವಿಡೀ, ಕೈಮುಗಿಯುತ್ತಲೇ ಮಾಡುತ್ತಿದ್ದೇವೆ.

ನಮಗೂ ರಾಮನಾಥಪುರಕ್ಕೂ ಏನು, ನಮ್ಮದು ಹೇಮಾವತಿ ಎಂದು ಹೊಳೆನರಸೀಪುರದವರು, ಹಾಸನದವರು ಅನ್ನಬಹುದು. ಮೂಡಿಗೆರೆಯ ಕಡೆ ಹುಟ್ಟಿ, ಸಕಲೇಶಪುರ ದಾಟಿ, ಯಗಚಿಯನ್ನು ಕೂಡಿಕೊಂಡು ಗೊರೂರಿಗೆ ಬರುವ ಹೇಮಾವತಿ, ಹೊಳೆನರಸೀಪುರವನ್ನು ಮುಟ್ಟಿ ಹೋಗುತ್ತಾಳೆ. ಅವಳೂ ಕಾವೇರಿಯೂ ಒಂದಾಗುವುದು ಕನ್ನಂಬಾಡಿಯ ಹಿನ್ನೀರಿನಲ್ಲಿ. ಗೊರೂರಿನಲ್ಲಿ 1979ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟೆಯ ನೀರೇ ಹಾಸನದ ನಲ್ಲಿಗೆ ಬರುವುದು. ಅದೇ ನೀರು ನಾಲೆ ಹಿಡಿದು ಚನ್ನರಾಯಪಟ್ಟಣದ ಕಡೆಗೆ, ಬಾಗೂರು–ನವಿಲೆ ಸುರಂಗ ದಾಟಿ ತುಮಕೂರಿನ ಕಡೆಗೆ ಹೋಗುತ್ತದೆ. ತೆಂಗಿಗೂ ಅದೇ, ಕುಡಿಯುವ ಕೊಡಕ್ಕೂ ಅದೇ. ಮೇಲಿನ ಊರಿನವರು ಬಿಟ್ಟದ್ದು ಕೆಳಗಿನ ಊರಿನವರ ಬಿಂದಿಗೆಗೆ ಬರುತ್ತದೆ. ಮೇಲೆ ಇನ್ನೊಂದು ಊರಿದೆ, ಅವರೂ ಬಿಡುತ್ತಾರೆ ಎಂಬುದು ನಿಜ. ಅವರನ್ನು ಕೇಳೋಣ, ಜೋರಾಗಿಯೇ ಕೇಳೋಣ. ನಮ್ಮ ಮೆಟ್ಟಿಲು ಚೊಕ್ಕವಾಗಿದ್ದರೆ ಮಾತ್ರ ಕೇಳುವ ಬಾಯಿ ನಮಗಿರುತ್ತದೆ.

ರೈತ ಬಾಂಧವರಲ್ಲಿ ಒಂದು ಮಾತು. ಹೊಗೆಸೊಪ್ಪು ಬೆಳೆಯುವವರ ಕಷ್ಟ ನಮಗೆ ಗೊತ್ತು, ನಮ್ಮಲ್ಲೇ ಹಲವರ ಹೊಲದಲ್ಲಿ ಬ್ಯಾರನ್ ಇದೆ. ಔಷಧಿ ಹೊಡೆದ ಮೇಲೆ ಟ್ಯಾಂಕನ್ನು ನಾಲೆಯಲ್ಲಿ, ಹೊಳೆಯಲ್ಲಿ ತೊಳೆಯಬೇಡಿ. ತೊಳೆದ ನೀರನ್ನು ನಿಮ್ಮ ಹೊಲದ ಬದುವಿನ ಮೇಲೇ ಚೆಲ್ಲಿ, ಖಾಲಿ ಡಬ್ಬಿಯನ್ನು ಹೊಳೆಗೆ ಎಸೆಯಬೇಡಿ. ಕಟ್ಟೇಪುರದ ಕೃಷ್ಣರಾಜ ಅಣೆಕಟ್ಟೆಯ ನಾಲೆಯಲ್ಲಿ ನಿಮ್ಮ ದನ ನೀರು ಕುಡಿಯುತ್ತದೆ.

ಮರಳು ತುಂಬುವವರಲ್ಲಿ, ಅವರಿಗೆ ಟ್ರ್ಯಾಕ್ಟರ್ ಕೊಡುವವರಲ್ಲಿ ಕೇಳುವುದೂ ಇದೆ. ಮಳೆಗಾಲದಲ್ಲಿ ಮಹಶೀರ್ ಮೊಟ್ಟೆಯಿಡುವುದು ಬೆಣಚು ಕಲ್ಲಿನ ಮೇಲೆ. ಕದ್ದು ಮರಳು ಎತ್ತಿದ ಕಡೆ ಹೊಳೆಯ ತಳವೇ ಕಿತ್ತುಹೋಗುತ್ತದೆ, ಬದಿಯ ಬಾವಿಗಳ ನೀರೂ ಇಳಿಯುತ್ತದೆ. ಮಡುವಿಗೆ ತೋಟೆ ಸಿಡಿಸಿ, ಬ್ಲೀಚಿಂಗ್ ಪುಡಿ ಸುರಿದು ಮೀನು ಹಿಡಿಯುವವರಿಗೆ ವಿನಂತಿಯಿಲ್ಲ. ಅದು ಕಾನೂನಿನ ಪ್ರಕಾರವೇ ಅಪರಾಧ. ಕಂಡವರು ಸುಮ್ಮನಿರಬೇಡಿ. ಮೀನುಗಾರಿಕೆ ಇಲಾಖೆಗೆ, ಪೊಲೀಸರಿಗೆ ತಿಳಿಸಿ.

ಗಣಪತಿ ಕೂರಿಸುವ ಹುಡುಗರೇ, ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಯನ್ನು ನೀರಿಗೆ ಬಿಡುವುದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲೇ ತಡೆ ಹಾಕಿದೆ. ನಮ್ಮ ಕುಂಬಾರರ ಮನೆಯ ಜೇಡಿಮಣ್ಣಿನ ಗಣಪ ಚಿಕ್ಕವನಿರಲಿ, ಬಣ್ಣವಿಲ್ಲದಿರಲಿ. ಅವನನ್ನು ಬಕೆಟ್ಟಿನಲ್ಲಿ ಬಿಟ್ಟು ಆ ಮಣ್ಣನ್ನು ತೆಂಗಿನ ಬುಡಕ್ಕೆ ಹಾಕಿದರೂ ಅವನು ಒಲ್ಲೆ ಎನ್ನುವುದಿಲ್ಲ.

ಪುರೋಹಿತರೇ, ನಿಮ್ಮ ಒಂದು ಮಾತಿಗೆ ನಮ್ಮ ಈ ನೂರು ಕರಪತ್ರ ಸಮವಲ್ಲ. ಸಂಸ್ಕಾರಕ್ಕೆ ಕೂತ ಮನೆಯವರು ಬಟ್ಟೆ ಏನು ಮಾಡೋಣ ಸ್ವಾಮಿ ಎಂದು ನಿಮ್ಮ ಮುಖ ನೋಡುತ್ತಾರೆ. ಒಮ್ಮೆ ನೀರಲ್ಲಿ ಅದ್ದಿ ದಡಕ್ಕೆ ತನ್ನಿ, ಅಷ್ಟಕ್ಕೇ ಸಂದಿತು ಎಂದು ನೀವು ಹೇಳಿದರೆ ಯಾರೂ ಎದುರಾಡುವುದಿಲ್ಲ. ಅಂಗಡಿಯವರೇ, ಪುರಿಯನ್ನು ಕಾಗದದ ಪೊಟ್ಟಣದಲ್ಲಿ ಕೊಡಿ. ಪ್ಲಾಸ್ಟಿಕ್ ಕೈಚೀಲವನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದೂ 2016ರಲ್ಲೇ. ಒಬ್ಬಿಬ್ಬರು ಕೊಟ್ಟು ಉಳಿದವರು ಕೊಡದಿದ್ದರೆ ವ್ಯಾಪಾರದಲ್ಲಿ ಜಗಳ ಬರುತ್ತದೆ, ಆದ್ದರಿಂದ ಎಲ್ಲರೂ ಒಂದೇ ದಿನ ಶುರು ಮಾಡಿ. ಪಂಚಾಯಿತಿಯವರೇ, ಮೆಟ್ಟಿಲ ಮೇಲ್ತುದಿಯಲ್ಲಿ ಬಟ್ಟೆಗೊಂದು, ಹೂವಿಗೊಂದು, ಪ್ಲಾಸ್ಟಿಕ್ಕಿಗೊಂದು ದೊಡ್ಡ ಕಬ್ಬಿಣದ ಬುಟ್ಟಿ ಇಡಿಸಿ, ದಿನಾ ಖಾಲಿ ಮಾಡಿಸಿ. ಬುಟ್ಟಿ ತುಂಬಿ ಚೆಲ್ಲುತ್ತಿದ್ದರೆ ಜನ ಮತ್ತೆ ಹೊಳೆಯನ್ನೇ ನೋಡುತ್ತಾರೆ. ಹೆಂಗಸರು ಮರೆಯಲ್ಲಿ ಸ್ನಾನ ಮಾಡಿ ಬಟ್ಟೆ ಬದಲಿಸಲು ದಡದ ಮೇಲೆ ನಲ್ಲಿಯಿರುವ ಕೋಣೆಗಳು ಬೇಕು. ಅವು ಸಾಕಷ್ಟಿದ್ದರೆ ಸೋಪು ಹೊಳೆಗೆ ಇಳಿಯುವುದು ತಾನಾಗಿಯೇ ಕಡಿಮೆಯಾಗುತ್ತದೆ. ನಮ್ಮ ಬೇಡಿಕೆಗಳಲ್ಲಿ ಇದನ್ನೇ ಮೊದಲು ಮಾಡಿಸಿ.

ಕೈ ಹಚ್ಚುವವರಿಗೆ: ಪ್ರತಿ ಅಮಾವಾಸ್ಯೆಯ ಮಾರನೆಯ ದಿನ ಬೆಳಿಗ್ಗೆ 7 ಗಂಟೆಗೆ ರಾಮನಾಥಪುರದ ಸ್ನಾನಘಟ್ಟದಲ್ಲಿ ಸೇರೋಣ. ಹೊಳೆನರಸೀಪುರದವರು ಅದೇ ಹೊತ್ತಿಗೆ ತಮ್ಮೂರ ಹೇಮಾವತಿ ದಂಡೆಯಲ್ಲಿ ಸೇರಲಿ. ಚನ್ನರಾಯಪಟ್ಟಣದವರು, ಹಾಸನದವರು ತಮ್ಮ ತಮ್ಮ ಕೆರೆ ಏರಿಯ ಮೇಲೆ ಸೇರಲಿ. ಒಂದು ಗೋಣಿಚೀಲ, ಉದ್ದನೆಯ ಕೊಕ್ಕೆಕೋಲು, ಕೈಗವಸು ತನ್ನಿ. ಗಾಜಿನ ಚೂರು ಇರುತ್ತದೆ, ಬರಿಗಾಲಲ್ಲಿ ಇಳಿಯಬೇಡಿ. ಈಜು ಬಾರದವರು, ಮಕ್ಕಳು ದಡದ ಮೇಲೆ ಬೇರ್ಪಡಿಸುವ ಕೆಲಸ ಮಾಡಲಿ. ಹೊಳೆ ಏರಿರುವ ಮಳೆಗಾಲದ ತಿಂಗಳಲ್ಲಿ ನೀರಿಗೆ ಇಳಿಯುವುದು ಬೇಡ, ಮೆಟ್ಟಿಲ ಮೇಲೆ ನಿಂತು ಬರುವವರಿಗೆ ಹೇಳುವ ಕೆಲಸ ಮಾಡೋಣ. ಹೇಳುವಾಗ ಗದರಬೇಡಿ. ದುಃಖದಲ್ಲಿ ಬಂದವರೂ ಇರುತ್ತಾರೆ.

ಈ ಕರಪತ್ರವನ್ನು ಓದಿ ನಿಮ್ಮ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ ಕೊಡಿ. ಹೊಳೆಯ ಬಳಿ ಬಿಸಾಡಬೇಡಿ.

ಇಂತು,
ಕಾವೇರಿ, ಹೇಮಾವತಿ ದಂಡೆಯ ಊರುಗಳವರು